ಮಾವನ ಮೀಟರ್ 100, ನನ್ನ ಫೋನ್ 95

ಶಿರಾ ದಾಟಿ ಹಿರಿಯೂರಿನ ಕಡೆ ಹೋಗುತ್ತಿದ್ದೆವು. ಸೋದರಮಾವ ಸ್ಟೀರಿಂಗ್ ಹಿಡಿದಿದ್ದರು, ನಾನು ಪಕ್ಕದ ಸೀಟಿನಲ್ಲಿ. ಕಾರಿನ ಮೀಟರ್ ಮುಳ್ಳು ಸರಿಯಾಗಿ 100ರ ಮೇಲೆ ನಿಂತಿತ್ತು. ನನ್ನ ಫೋನಿನ ಜಿಪಿಎಸ್ ಮಾತ್ರ 95 ಅನ್ನುತ್ತಿತ್ತು.

"ನಿನ್ ಫೋನ್ ಸರಿ ಇಲ್ಲ ಕಣೋ" ಅಂದರು ಮಾವ.

ಜಗಳ ಬಿಡಿಸೋಕೆ ಹೆದ್ದಾರಿಯಲ್ಲೇ ಪಂಚರಿದ್ದಾರಲ್ಲ, ಕಿಲೋಮೀಟರ್ ಕಲ್ಲುಗಳು! ಮಾವ ಮುಳ್ಳನ್ನು 100ರಲ್ಲೇ ಇಟ್ಟುಕೊಂಡರು. ಒಂದು ಕಲ್ಲಿನಿಂದ ಮುಂದಿನ ಕಲ್ಲಿಗೆ ನಾನು ಸ್ಟಾಪ್‌ವಾಚ್ ಒತ್ತಿದೆ. ನಿಜವಾಗಿ 100ರಲ್ಲಿ ಹೋಗುತ್ತಿದ್ದರೆ 36 ಸೆಕೆಂಡ್ ಸಾಕು. ನಮಗೆ ಹಿಡಿದದ್ದು 38. ಒಂದು ಗಂಟೆಯ 3600 ಸೆಕೆಂಡನ್ನು 38ರಿಂದ ಭಾಗಿಸಿ ನೋಡಿ, 95ಕ್ಕೆ ಕೂದಲೆಳೆಯಷ್ಟು ಕಮ್ಮಿ. ಒಂದೇ ಸಲ ಅಳೆದದ್ದು ಬೇಡ ಅಂತ ಇನ್ನೆರಡು ಕಲ್ಲು ನೋಡಿದೆವು. ಹೆಚ್ಚೂಕಮ್ಮಿ ಅಷ್ಟೇ ಬಂತು.

ಹಾಗಂತ ಮಾವನ ಕಾರು ಕೆಟ್ಟಿಲ್ಲ. ಮೀಟರುಗಳನ್ನು ಬೇಕಂತಲೇ ಹಾಗೆ ಮಾಡಿರುತ್ತಾರೆ. ಅನೇಕ ದೇಶಗಳು ಪಾಲಿಸುವ ವಿಶ್ವಸಂಸ್ಥೆಯ ವಾಹನ ನಿಯಮ 39ರ ಪ್ರಕಾರ, ಮೀಟರ್ ನಿಜವಾದ ವೇಗಕ್ಕಿಂತ ಕಮ್ಮಿ ತೋರಿಸಲೇಬಾರದು. ಜಾಸ್ತಿ ತೋರಿಸಬಹುದು. ಕಾರಿಗಾದರೆ ನಿಜವಾದ ವೇಗದ ಹತ್ತನೇ ಒಂದು ಭಾಗ, ಅದರ ಮೇಲೆ 4 ಕಿ.ಮೀ.ವರೆಗೆ ಮಾಫಿ. ಮೀಟರ್ ಎಣಿಸುವುದು ಚಕ್ರದ ಸುತ್ತನ್ನು. ಟೈರ್ ಸವೆದರೆ ಚಕ್ರ ಚಿಕ್ಕದಾಗುತ್ತದೆ, ಅದೇ ದೂರಕ್ಕೆ ಜಾಸ್ತಿ ಸುತ್ತು ಬೇಕು. ಆಗ ಮುಳ್ಳು ಇನ್ನೊಂಚೂರು ಮೇಲೇರುತ್ತದೆ.

ಫೋನ್ ಚಕ್ರವನ್ನು ನೋಡೇ ಇಲ್ಲ. ಮತ್ತೆ ಅದಕ್ಕೆ ಹೇಗೆ ಗೊತ್ತು? "ಆಗ ಅಲ್ಲಿದ್ದೆ, ಈಗ ಇಲ್ಲಿದ್ದೇನೆ, ನಡುವಿನ ದೂರವನ್ನು ಸಮಯದಿಂದ ಭಾಗಿಸಿದೆ" ಅಂತಲೇ ಬಹಳ ಜನ ಅಂದುಕೊಂಡಿರುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಫೋನ್ ಹೇಳುವ ಜಾಗ ಮೂರೋ ಐದೋ ಮೀಟರ್ ಆಚೀಚೆ ಇರುವುದು ಮಾಮೂಲು. ಆ ತಪ್ಪು ಸೆಕೆಂಡಿನಿಂದ ಸೆಕೆಂಡಿಗೆ ಬರೀ 2 ಮೀಟರ್ ಬದಲಾದರೂ ವೇಗದಲ್ಲಿ 7 ಕಿ.ಮೀ. ಏರುಪೇರು ಕಾಣಬೇಕು. ನನ್ನ ಫೋನಿನಲ್ಲಿ 95 ಅಲ್ಲಾಡದೆ ಕೂತಿತ್ತು.

ಗುಟ್ಟು ಇರುವುದು ರೈಲಿನ ಕೂಗಿನಲ್ಲಿ. ಗೇಟಿನ ಹತ್ತಿರ ನಿಂತಾಗ ಕೇಳಿರುತ್ತೀರಿ ಅಲ್ವಾ? ರೈಲು ಹತ್ತಿರ ಬರುವಾಗ ಕೂಗು ಕೀರಲು, ದಾಟಿ ಹೋದ ತಕ್ಷಣ ದಪ್ಪ. ಇದೇ ಡಾಪ್ಲರ್ ಪರಿಣಾಮ. ಜಿಪಿಎಸ್ ಉಪಗ್ರಹಗಳೂ 20,200 ಕಿ.ಮೀ. ಎತ್ತರದಿಂದ ಹೀಗೇ ಕೂಗುತ್ತಿರುತ್ತವೆ, ರೇಡಿಯೋ ಅಲೆಯಲ್ಲಿ. ಆ ಅಲೆ ಸೆಕೆಂಡಿಗೆ ಸುಮಾರು 157 ಕೋಟಿ 54 ಲಕ್ಷ ಸಲ ಕಂಪಿಸುತ್ತದೆ. ನೀವು ಗಂಟೆಗೆ 100 ಕಿ.ಮೀ. ವೇಗದಲ್ಲಿ ನೇರ ಉಪಗ್ರಹದ ಕಡೆಗೇ ಹೋದರೂ ಇದರಲ್ಲಿ ಆಗುವ ವ್ಯತ್ಯಾಸ 146 ಕಂಪನ ಅಷ್ಟೇ. ಆ ಚಿಲ್ಲರೆಯನ್ನು ಫೋನಿನ ಚಿಪ್ ಎಣಿಸುತ್ತದೆ.

ಇಲ್ಲೊಂದು ಪೇಚಿದೆ. ಉಪಗ್ರಹ ತಾನೇ ಸೆಕೆಂಡಿಗೆ ಹತ್ತಿರಹತ್ತಿರ 4 ಕಿ.ಮೀ. ಓಡುತ್ತಿದೆ. ಅದರ ಪಾಲಿನ ಏರಿಳಿತ ನಮ್ಮ ಕಾರಿನದಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ಪುಣ್ಯಕ್ಕೆ, ತಾನು ಯಾವ ಕಕ್ಷೆಯಲ್ಲಿದ್ದೇನೆ ಅಂತ ಉಪಗ್ರಹವೇ ಹೇಳುತ್ತಿರುತ್ತದೆ. ಫೋನ್ ಆ ಪಾಲನ್ನು ಲೆಕ್ಕ ಹಾಕಿ ಕಳೆಯುತ್ತದೆ.

ಇದಕ್ಕಿಂತ ದೊಡ್ಡ ಪೇಚು ಫೋನಿನ ಒಳಗೇ ಇದೆ. ಕಂಪನ ಎಣಿಸಲು ಅದಕ್ಕಿರುವುದು ಅಗ್ಗದ ಕ್ವಾರ್ಟ್ಜ್ ಗಡಿಯಾರ. ಅದು ಹತ್ತು ಲಕ್ಷದಲ್ಲಿ ಒಂದು ಪಾಲು ತಪ್ಪಿದರೆ ಸಾಕು, ನಿಂತ ಕಾರು ಗಂಟೆಗೆ ಸಾವಿರ ಕಿ.ಮೀ.ಗಿಂತ ಜಾಸ್ತಿ ವೇಗದಲ್ಲಿ ಓಡಿದಂತೆ ಲೆಕ್ಕ ಬರುತ್ತದೆ! ಆದರೆ ಈ ತಪ್ಪು ಎಲ್ಲ ಉಪಗ್ರಹಗಳ ಲೆಕ್ಕದಲ್ಲೂ ಒಂದೇ ಸಮ ಬೆರೆತಿರುತ್ತದೆ. ತಕ್ಕಡಿಯೇ ಸುಳ್ಳಾದರೆ ಎಲ್ಲ ತೂಕವೂ ಒಂದೇ ಥರ ತಪ್ಪುತ್ತದಲ್ಲ, ಹಾಗೆ. ಮೂರು ದಿಕ್ಕಿನ ವೇಗ, ಜೊತೆಗೆ ಗಡಿಯಾರದ ತಪ್ಪು, ಒಟ್ಟು ನಾಲ್ಕು ಗೊತ್ತಿಲ್ಲದ ಸಂಖ್ಯೆ. ನಾಲ್ಕು ಉಪಗ್ರಹ ಸಿಕ್ಕಿದರೆ ನಾಲ್ಕೂ ಬಿಡಿಸಬಹುದು.

ಈ ವಿದ್ಯೆಯ ಮೂಲ ಜಿಪಿಎಸ್‌ಗಿಂತ ಹಳೆಯದು. 1957ರಲ್ಲಿ ಮೊದಲ ಕೃತಕ ಉಪಗ್ರಹ ಸ್ಪುಟ್ನಿಕ್ ಹಾರಿದಾಗ ಅಮೆರಿಕದ ವಿಜ್ಞಾನಿಗಳಾದ ವಿಲಿಯಂ ಗೈಯರ್ ಮತ್ತು ಜಾರ್ಜ್ ವೈಫೆನ್‌ಬಾಕ್ ಅದರ 'ಬೀಪ್' ಕೇಳುತ್ತಾ ಕೂತರು. ಸ್ವರ ಇಳಿಯುವ ರೀತಿಯಿಂದಲೇ ಅದರ ಕಕ್ಷೆ ಹಿಡಿದರು. ಕಕ್ಷೆ ಮೊದಲೇ ಗೊತ್ತಿದ್ದರೆ, ಕೇಳುವವನು ಎಲ್ಲಿದ್ದಾನೆ ಅಂತ ಹೇಳಬಹುದಲ್ಲ ಅನ್ನುವ ಉಲ್ಟಾ ಯೋಚನೆ ಬಂದದ್ದು ಆಮೇಲೆ.

ಫೋನನ್ನು ಕಣ್ಣುಮುಚ್ಚಿ ನಂಬಿ ಅಂತ ಹೇಳುತ್ತಿಲ್ಲ. ಸಾಮಾನ್ಯವಾಗಿ ಅದು ಸೆಕೆಂಡಿಗೊಮ್ಮೆ ಲೆಕ್ಕ ಹೊಸದು ಮಾಡುತ್ತದೆ. ಹಾಗಾಗಿ ಬ್ರೇಕ್ ಒತ್ತಿದಾಗ ಮುಳ್ಳು ಮೊದಲು ಬೀಳುತ್ತದೆ, ಫೋನ್ ತಡ. ಪೀಣ್ಯ ಫ್ಲೈಓವರ್ ಕೆಳಗೆ ಅಲೆಗಳು ಕಾಂಕ್ರೀಟಿಗೆ ಬಡಿದು ಸುತ್ತಿ ಬರುವುದರಿಂದ ಲೆಕ್ಕ ಕೆಡಬಹುದು. ಸುರಂಗದಲ್ಲಂತೂ ಉಪಗ್ರಹದ ಅಲೆಯೇ ತಲುಪುವುದಿಲ್ಲ. ನೆಟ್ಟಗಿನ ರಸ್ತೆ, ತೆರೆದ ಆಕಾಶ, ಒಂದೇ ವೇಗ ಇದ್ದರೆ ಮಾತ್ರ ನಾನು ಫೋನಿನ ಪಕ್ಷ.

ಇಷ್ಟೆಲ್ಲ ಹೇಳಿದ ಮೇಲೆ ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು: "ಹಂಗಾದ್ರೆ ಕಿಲೋಮೀಟರೂ ಜಾಸ್ತಿ ತೋರಿಸ್ತಾ ಇದೆಯೇನೋ? ನನ್ ಮೈಲೇಜ್ ಕಥೆ ಏನು?"

ಓಡಿದ ಕಿ.ಮೀ. ಎಣಿಕೆಗೆ ಸಾಮಾನ್ಯವಾಗಿ ಈ ಒಗ್ಗರಣೆ ಹಾಕಿರುವುದಿಲ್ಲ ಅಂದೆ. ಕೇಳಿ ಸಮಾಧಾನವಾಯಿತೋ ಏನೋ, ಮುಳ್ಳನ್ನು 90ಕ್ಕೆ ಇಳಿಸಿದರು. ಫೋನ್ 85 ಅಂತು.