ಗಾಳಿಗೆ ಬೆದರಿದ ಸೇತುವೆಗಳು

ನ್ಯೂಯಾರ್ಕ್ ನಗರದ ಬ್ರಾಂಕ್ಸ್-ವೈಟ್‌ಸ್ಟೋನ್ ಸೇತುವೆ ಮೇಲೆ ಕಾರು ಓಡಿಸುವಾಗ ಎರಡೂ ಕಡೆ ನೀರು ಚೆನ್ನಾಗಿ ಕಾಣುತ್ತದೆ. ಆದರೆ ಅರ್ಧ ಶತಮಾನಕ್ಕೂ ಜಾಸ್ತಿ ಕಾಲ ಅಲ್ಲಿ ಎತ್ತರದ ಉಕ್ಕಿನ ಟ್ರಸ್‌ಗಳು (ಸರಳುಗಳನ್ನು ತ್ರಿಕೋನಗಳಾಗಿ ಜೋಡಿಸಿದ ಚೌಕಟ್ಟುಗಳು) ಅಡ್ಡ ನಿಂತಿದ್ದವು. ಅವು ಯಾಕೆ ಬಂದವು, ಯಾಕೆ ಹೋದವು?

ತೂಗುಸೇತುವೆಗೆ ಗಾಳಿಯ ಭಯ ಹೊಸದಲ್ಲ. 1849ರಲ್ಲಿ ಓಹಾಯೊ ನದಿಗೆ ಕಟ್ಟಿದ ವೀಲಿಂಗ್ ಸೇತುವೆಯ ರಸ್ತೆ 1854ರ ಬಿರುಗಾಳಿಗೆ ಹೊಯ್ದಾಡಿ ಕುಸಿಯಿತು. ನ್ಯೂಯಾರ್ಕಿನ ಬ್ರೂಕ್ಲಿನ್ ಸೇತುವೆಯ ವಿನ್ಯಾಸಕ ಜಾನ್ ರೋಬ್ಲಿಂಗ್‌ಗೆ ಈ ಅಪಾಯ ಚೆನ್ನಾಗಿ ಗೊತ್ತಿತ್ತು. 1883ರಲ್ಲಿ ತೆರೆದ ಆ ಸೇತುವೆಯಲ್ಲಿ ಗೋಪುರದಿಂದ ಓರೆಯಾಗಿ ಇಳಿದಿರುವ ತಂತಿಗಳನ್ನು ನೋಡಿದ್ದೀರಲ್ವಾ? ಅವು ಬರೀ ಅಂದಕ್ಕಲ್ಲ. ರಸ್ತೆ ಕುಣಿಯದಂತೆ ಹಿಡಿದಿಡುವುದೂ ಅವುಗಳ ಕೆಲಸ.

ಆಮೇಲೆ ಬಂದವರು ಈ ಪಾಠ ಮರೆತರು. 1909ರ ಮ್ಯಾನ್‌ಹ್ಯಾಟನ್ ಸೇತುವೆಯ ಹೊತ್ತಿಗೆ ಹೊಸ ಲೆಕ್ಕವೊಂದು ಬಂದಿತ್ತು. ಉದ್ದದ ಸೇತುವೆಯ ತೂಕವೇ ಅದನ್ನು ಸ್ಥಿರವಾಗಿಡುತ್ತದೆ, ಅಡಿಯಲ್ಲಿ ದಪ್ಪ ಟ್ರಸ್ ಬೇಕಿಲ್ಲ ಎಂದು ಆ ಲೆಕ್ಕ ಹೇಳಿತು. ವಾಹನಗಳ ಭಾರದ ಮಟ್ಟಿಗೆ ಅದು ಸರಿಯೇ. ಉಕ್ಕು ಉಳಿಯಿತು, ಸೇತುವೆಗಳು ತೆಳ್ಳಗಾದವು. ಗಾಳಿಯನ್ನು ಮಾತ್ರ ಪಕ್ಕದಿಂದ ಒಂದೇ ಸಮನೆ ತಳ್ಳುವ ಬಲ ಎಂದಷ್ಟೇ ಎಣಿಸಿದರು. 1939ರಲ್ಲಿ ಎಂಜಿನಿಯರ್ ಆಥ್ಮರ್ ಅಮ್ಮಾನ್ ಕಟ್ಟಿಸಿದ ವೈಟ್‌ಸ್ಟೋನ್‌ಗೂ ಟ್ರಸ್ ಇರಲಿಲ್ಲ. ಅಂಚಿನಲ್ಲಿ 11 ಅಡಿ ಎತ್ತರದ ಗಟ್ಟಿ ಗರ್ಡರ್, ಅಂದರೆ ಉಕ್ಕಿನ ತೊಲೆ, ಅಷ್ಟೇ.

1940ರ ಜುಲೈನಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ತೆರೆದ ಟಕೋಮಾ ನ್ಯಾರೋಸ್ ಸೇತುವೆ ಇನ್ನೂ ತೆಳ್ಳಗಿತ್ತು. ಎರಡು ಗೋಪುರಗಳ ನಡುವಿನ 853 ಮೀಟರ್ ಅಂಕಣಕ್ಕೆ 8 ಅಡಿ ಗರ್ಡರ್! ನವೆಂಬರ್ 7ರಂದು ಗಂಟೆಗೆ ಸುಮಾರು 65 ಕಿ.ಮೀ. ಗಾಳಿಗೆ ಅದು ತಿರುಚಿಕೊಂಡು ಮುರಿದು ಬಿತ್ತು. ಗಾಳಿಯ ತಾಳ ಸೇತುವೆಯ ತಾಳಕ್ಕೆ ಕೂಡಿಬಂದದ್ದೇ ಕಾರಣ ಎಂದು ಇಂದಿಗೂ ಬಹಳ ಕಡೆ ಕಲಿಸುತ್ತಾರೆ. ನನ್ನ ಮಟ್ಟಿಗೆ ಆ ವಿವರಣೆಯನ್ನು ಪಾಠದಿಂದ ತೆಗೆಯಬೇಕು. ಯಾಕಂದರೆ ಇಲ್ಲಿ ಗಾಳಿಗೆ ತನ್ನದೇ ತಾಳ ಬೇಕಾಗಿರಲಿಲ್ಲ. ರಸ್ತೆ ಸ್ವಲ್ಪ ತಿರುಚಿದಾಗ ಅದರ ಮೇಲಿನ ಗಾಳಿಯ ಬಲ ಬದಲಾಯಿತು. ಆ ಬಲ ರಸ್ತೆಯನ್ನು ಮತ್ತಷ್ಟು ತಿರುಚಿತು. ಸೇತುವೆ ತನ್ನ ಅಲುಗಾಟದಿಂದಲೇ ಗಾಳಿಯ ಶಕ್ತಿಯನ್ನು ಎಳೆದುಕೊಂಡಿತು.

ಈ ಕುಸಿತದ ತನಿಖೆ ಮಾಡಿದ ಮೂವರಲ್ಲಿ ಅಮ್ಮಾನ್ ಕೂಡ ಒಬ್ಬರು. ಅವರದೇ ವೈಟ್‌ಸ್ಟೋನ್ ಕೂಡ ಗಾಳಿಗೆ ಅಲುಗಾಡುತ್ತಿತ್ತು. ಅದಕ್ಕೇ 1946ರಲ್ಲಿ ರಸ್ತೆಯ ಎರಡೂ ಬದಿಗೆ 14 ಅಡಿ ಎತ್ತರದ ಟ್ರಸ್ ಕೂರಿಸಿದರು. ನೋಟ ಹೋಯಿತು, ತೂಕ ಏರಿತು.

1966ರಲ್ಲಿ ಬ್ರಿಟನ್ನಿನ ಸೆವರ್ನ್ ಸೇತುವೆ ಬೇರೆ ದಾರಿ ತೋರಿಸಿತು. ಗಾಳಿ ಸುರಂಗದಲ್ಲಿ ಪರೀಕ್ಷಿಸಿ, ಅಂಚು ಚೂಪಾದ ಉಕ್ಕಿನ ಪೆಟ್ಟಿಗೆಯನ್ನೇ ರಸ್ತೆಯ ಹಾಸಾಗಿ ಮಾಡಿದರು. ಗಾಳಿಯನ್ನು ತಡೆದು ನಿಲ್ಲಿಸುವ ಬದಲು ಜಾರಿ ಹೋಗಲು ಬಿಟ್ಟರು. ನನಗೆ ಇಡೀ ಕಥೆಯಲ್ಲಿ ಬಹಳ ಇಷ್ಟವಾಗುವ ಯೋಚನೆ ಇದೇ.

2000ದ ದಶಕದಲ್ಲಿ ಇದೇ ಯೋಚನೆ ವೈಟ್‌ಸ್ಟೋನ್‌ಗೂ ಬಂತು. ಟ್ರಸ್‌ಗಳನ್ನು ಕಿತ್ತು, ಹೊರ ಅಂಚಿಗೆ ಫೈಬರ್‌ಗ್ಲಾಸಿನ ತ್ರಿಕೋನ ಹೊದಿಕೆ ಜೋಡಿಸಿದರು. 1939ರ ಕೇಬಲ್‌ಗಳ ಮೇಲಿನ ಭಾರವೂ ಇಳಿಯಿತು.