ಪುಸ್ತಕ ಬಂತು, ವಿಮರ್ಶೆ ಬರಲಿಲ್ಲ

ಪ್ರಶ್ನೆ: ನನ್ನ ಮೊದಲ ಕಥಾಸಂಕಲನ ಶಿವಮೊಗ್ಗದಲ್ಲಿ ಬಿಡುಗಡೆಯಾಗಿ ಮೂರು ತಿಂಗಳಾಯಿತು. ಪತ್ರಿಕೆಗಳಿಗೆ ಕಳಿಸಿದ್ದೇನೆ, ಹಿರಿಯ ಸಾಹಿತಿಗಳಿಗೂ ಕೊಟ್ಟಿದ್ದೇನೆ. ಒಂದು ವಿಮರ್ಶೆಯೂ ಬಂದಿಲ್ಲ. ಏನು ಮಾಡಲಿ?
– ಸಾಗರದ ಓದುಗರೊಬ್ಬರು

ಪತ್ರಿಕೆಗಳ ವಿಷಯದಲ್ಲಿ ಮೂರು ತಿಂಗಳು ಹೆಚ್ಚೇನಲ್ಲ. ಬಂದು ಬೀಳುವ ಪುಸ್ತಕಗಳ ರಾಶಿ ದೊಡ್ಡದು, ಪುರವಣಿಯ ಜಾಗ ಚಿಕ್ಕದು. ಎಷ್ಟೋ ಪುಸ್ತಕಗಳು ‘ಸಾದರ ಸ್ವೀಕಾರ’ದಲ್ಲಿ ಹೆಸರು, ಪುಟ, ಬೆಲೆಯಾಗಿ ಮುಗಿದುಹೋಗುತ್ತವೆ. ಎರಡು ಪ್ರತಿ ಕಳಿಸುವುದು ರೂಢಿ. ಒಂದನ್ನೇ ಕಳಿಸಿದ್ದರೆ ಇನ್ನೊಂದನ್ನು ಕಳಿಸಿ, ಮರೆತುಬಿಡಿ.

ಇನ್ನು ಹಿರಿಯರು. ವೇದಿಕೆಯ ಮೇಲೆ ಶಾಲಿನೊಂದಿಗೆ ಕೊಟ್ಟ ಪುಸ್ತಕ ಶಾಲಿನೊಂದಿಗೇ ಕಾರಿನ ಹಿಂದಿನ ಸೀಟು ಸೇರುತ್ತದೆ. ನಾನೂ ನನ್ನ ಮೊದಲ ಪುಸ್ತಕವನ್ನು ನಲವತ್ತು ಮಂದಿ ಹೆಸರಾಂತರಿಗೆ ಕಳಿಸಿದ್ದೆ. ‘ತಲುಪಿತು, ವಂದನೆ’ ಎಂಬ ಎರಡು ಕಾರ್ಡುಗಳು ಬಂದವು. ಓದಿ ಫೋನ್ ಮಾಡಿದವರು ತೀರ್ಥಹಳ್ಳಿ ಕಡೆಯ ಒಬ್ಬ ಅಡಿಕೆ ಬೆಳೆಗಾರರು. ಅವರಿಗೆ ನಾನು ಕಳಿಸಿಯೇ ಇರಲಿಲ್ಲ, ತಂಗಿಯ ಮನೆಯಲ್ಲಿ ಸಿಕ್ಕಿತಂತೆ. “ನಿಮ್ಮ ಕಥೆಯಲ್ಲಿ ಕೊನೆಗೌಡ ಮೇ ತಿಂಗಳಲ್ಲಿ ಮರ ಹತ್ತಿ ಅಡಿಕೆ ಕೊನೆ ಇಳಿಸುತ್ತಾನೆ. ಆ ಎಳೆಗಾಯಿ ಇಳಿಸಿ ಏನು ಮಾಡುತ್ತಾನೆ, ಮಾರಾಯರೆ?” ಎಂದರು. ಆಮೇಲೆ ಅರ್ಧ ಗಂಟೆ ಅದೇ ಕಥೆಯ ಅತ್ತೆಯ ಬಗ್ಗೆ ಮಾತನಾಡಿದರು. ಇದನ್ನೇ ಎರಡು ಪುಟ ಬರೆದುಕೊಡಿ ಎಂದೆ. ಬರೆದರು, ಸ್ಥಳೀಯ ಪತ್ರಿಕೆಯೊಂದು ಮೇ ತಿಂಗಳ ಸಮೇತ ಅಚ್ಚು ಹಾಕಿತು. ಪುಸ್ತಕ ಎಲ್ಲಿ ಸಿಗುತ್ತದೆ ಎಂದು ಜನ ಕೇಳತೊಡಗಿದ್ದು ಅದರ ನಂತರವೇ.

ನಿಮ್ಮ ಕಥೆಗಳಲ್ಲಿ ಯಾರಿದ್ದಾರೆ? ಶರಾವತಿಯಲ್ಲಿ ಊರು ಮುಳುಗಿದವರೇ, ನರ್ಸ್‌ಗಳೇ, ಮೇಷ್ಟರೇ? ಅಂಥವರಲ್ಲಿ ಓದುವ ಚಟವಿರುವ ಹತ್ತು ಜನರನ್ನು ಹುಡುಕಿ ಪುಸ್ತಕ ಕೊಡಿ. ಜೊತೆಗಿನ ಪತ್ರ ನಾಲ್ಕು ಸಾಲು ಸಾಕು: ಯಾವ ಕಥೆಯಿಂದ ಶುರು ಮಾಡಬೇಕು, ಅವರೇ ಏಕೆ ಓದಬೇಕು. ‘ಒಳ್ಳೆಯ ಮಾತು ಬರೆಯಿರಿ’ ಎಂದು ಮಾತ್ರ ಕೇಳಬೇಡಿ. ತಿಂಗಳ ನಂತರ ಒಮ್ಮೆ ನೆನಪಿಸಬಹುದು. ಎರಡನೇ ಸಲ ನೆನಪಿಸಿದರೆ ಸಾಲ ವಸೂಲಿಯಂತಾಗುತ್ತದೆ.

ಭಾವನಿಂದ ಅಮೆಜಾನ್‌ನಲ್ಲಿ ಐದು ನಕ್ಷತ್ರ ಹಾಕಿಸುವ ಯೋಚನೆ ಬೇಡ. ಮನೆಯವರ ವಿಮರ್ಶೆಗೂ ದುಡ್ಡು ಕೊಟ್ಟು ಬರೆಸಿದ್ದಕ್ಕೂ ಅಲ್ಲಿ ಅವಕಾಶವಿಲ್ಲ.

ಶಿವಮೊಗ್ಗದ ಕರ್ನಾಟಕ ಸಂಘವನ್ನೂ ವಿಚಾರಿಸಿ. 1930ರಲ್ಲಿ ಹುಟ್ಟಿದ ಸಂಘ ಅದು, ಪುಸ್ತಕ ಬಹುಮಾನಗಳನ್ನು ಕೊಡುತ್ತದೆ. ಬಹುಮಾನ ಬರಲಿ ಬಿಡಲಿ, ತೀರ್ಪುಗಾರರು ಓದಲೇಬೇಕಲ್ಲ!

ಅಂದ ಹಾಗೆ, ನಿಮ್ಮ ಪತ್ರದಲ್ಲಿ ಪುಸ್ತಕದ ಹೆಸರೇ ಇಲ್ಲ.