ಹಿತ್ತಲಿನ ಡೆಕ್: ಖರ್ಚು ಮಾಡಬೇಕಾದ್ದು ಹಲಗೆಯ ಅಡಿಗೆ

ಡೆಕ್, ಅಂದರೆ ಕಬ್ಬಿಣದ ಪೈಪಿನ ಫ್ರೇಮಿನ ಮೇಲೆ ಹಲಗೆ ಹಾಸಿದ ಜಗಲಿ, ಮಾಡಿಸುವವರು ಮೊದಲು ವಿಚಾರಿಸುವುದು ಹಲಗೆಯ ಬಣ್ಣವನ್ನು. ನಾಲ್ಕು ಮಳೆಗಾಲ ಕಂಡ ಡೆಕ್ಕನ್ನು ಕಿತ್ತು ನೋಡಿದರೆ ಹಲಗೆಯ ಮೇಲ್ಮೈ ಸಾಮಾನ್ಯವಾಗಿ ಗಟ್ಟಿಯಾಗಿಯೇ ಇರುತ್ತದೆ. ಕೊಳೆತಿರುವುದು ಅದರ ಅಡಿಭಾಗ, ತುಕ್ಕು ತಿಂದಿರುವುದು ಅದನ್ನು ಹೊತ್ತ ಪೈಪು. ಬೆಂಗಳೂರಿನಲ್ಲಿ ಸೆಪ್ಟೆಂಬರ್ ಒಂದರಲ್ಲೇ 20 ಸೆಂ.ಮೀ. ಆಸುಪಾಸು ಮಳೆ ಬೀಳುತ್ತದೆ. ಆ ನೀರು ಹಲಗೆಯ ಕೆಳಗೆ ಎಲ್ಲಿಗೆ ಹೋಗುತ್ತದೆ ಎನ್ನುವುದರ ಮೇಲೆ ಡೆಕ್ಕಿನ ಆಯಸ್ಸು ನಿಂತಿದೆ.

ಟೇಪು ಹಿಡಿಯುವ ಮೊದಲು ಹಿತ್ತಲಲ್ಲಿರುವ ಮುಚ್ಚಳಗಳನ್ನು ಎಣಿಸಿ. ಸಂಪು, ಒಳಚರಂಡಿಯ ಛೇಂಬರ್, ಮಳೆನೀರಿನ ಇಂಗುಗುಂಡಿ ಡೆಕ್ಕಿನ ಅಡಿಗೆ ಬಂದರೆ ಅವುಗಳ ಮೇಲೆ ಎತ್ತಿಡಬಹುದಾದ ಚೌಕ ಬೇಕು. ಎರಡೂವರೆ ಅಡಿ ಚೌಕದ ಪ್ರತ್ಯೇಕ ಫ್ರೇಮ್ ಮಾಡಿ, ಸುತ್ತ ಎಲ್-ಆಂಗಲ್ ಮೇಲೆ ಕೂರಿಸಿ, ಸ್ಕ್ರೂ ಹಾಕದೆ ಬಿಡಿ. ಬೆರಳು ತೂರುವ ಎರಡು ರಂಧ್ರ ಸಾಕು. ಬೋರ್‌ವೆಲ್ಲನ್ನು ಮಾತ್ರ ಡೆಕ್ಕಿನೊಳಗೆ ಸೇರಿಸಲೇಬೇಡಿ. ಮೋಟರ್ ಎತ್ತುವ ದಿನ 20 ಅಡಿಯ ಪೈಪುಗಳು ಒಂದರ ಹಿಂದೊಂದು ಮೇಲೆ ಬರುತ್ತವೆ, ಆಗ ಯಾವ ಮುಚ್ಚಳವೂ ಸಾಲದು.

40×60 ಸೈಟಿನ ಹಿತ್ತಲಿಗೆ ಹೊಂದುವ 3.6 ಮೀಟರ್ ಉದ್ದ, 3 ಮೀಟರ್ ಅಗಲದ ಡೆಕ್ ಎಂದಿಟ್ಟುಕೊಳ್ಳೋಣ, ಅಂದರೆ ಸುಮಾರು 12 ಅಡಿಗೆ 10 ಅಡಿ. ಇದಕ್ಕೆ ಮೂರು ಸಾಲಿನಲ್ಲಿ ಮೂರರಂತೆ 9 ಪಾಯದ ಗುಂಡಿ. ಒಂದಡಿ ಚೌಕ, ಒಂದೂವರೆ ಅಡಿ ಆಳ. ಆದರೆ ಈ ಆಳವನ್ನು ಕುರುಡಾಗಿ ನಂಬಬೇಡಿ. ಸಂಪು ತೋಡಿದ ಮಣ್ಣು, ಒಡೆದ ಇಟ್ಟಿಗೆ, ಸಿಮೆಂಟ್ ಚೀಲ ಎಲ್ಲವನ್ನೂ ಹಿತ್ತಲಿಗೇ ಸುರಿದು ಸಮ ಮಾಡಿರುವುದು ನಮ್ಮ ಬಡಾವಣೆಗಳಲ್ಲಿ ಮಾಮೂಲು. ಗುಂಡಿಯ ತಳಕ್ಕೆ ಹಾರೆ ಕುಕ್ಕಿ ನೋಡಿ: ಗಟ್ಟಿ ಕೆಮ್ಮಣ್ಣಾದರೆ ಟಣ್ ಎಂದು ಕೈ ಜುಮ್ಮೆನ್ನುತ್ತದೆ, ತುಂಬಿದ ಮಣ್ಣಾದರೆ ಹಾರೆ ಸದ್ದಿಲ್ಲದೆ ಇಳಿಯುತ್ತದೆ. ಇಳಿದರೆ ಇನ್ನೂ ತೋಡಿ. ಒಂಬತ್ತರಲ್ಲಿ ಒಂದು ಕುಸಿದರೂ ಮೇಲಿನ ಫ್ರೇಮ್ ತಿರುಚಿ ಸ್ಕ್ರೂಗಳು ಏಳುತ್ತವೆ.

ಕಾಂಕ್ರೀಟ್ 1:2:4. ನೆಲದಿಂದ ಅರ್ಧ ಅಡಿ ಮೇಲೆ ಬರುವಂತೆ ಪೆಡೆಸ್ಟಲ್ (ಫ್ರೇಮ್ ಹೊರುವ ಗಿಡ್ಡ ಕಂಬ) ಹಾಕಿದರೆ ಒಟ್ಟು ಅರ್ಧ ಘನ ಮೀಟರ್ ಆಗುತ್ತದೆ: ಸಿಮೆಂಟ್ 3 ಮೂಟೆಯ ಮೇಲೆ ಸ್ವಲ್ಪ (4 ತರಿಸಿ), ಎಂ-ಸ್ಯಾಂಡ್ 8 ಸಿಎಫ್‌ಟಿ (ಘನ ಅಡಿ), 20 ಮಿ.ಮೀ. ಜಲ್ಲಿ 16 ಸಿಎಫ್‌ಟಿ. ಏಳು ದಿನ ನೀರುಣಿಸಿ. ಅಷ್ಟರಲ್ಲಿ ಡೆಕ್ಕಿನಡಿಯ ನೆಲವನ್ನು ಮನೆಯ ಗೋಡೆಯಿಂದ ಆಚೆಗೆ, 3 ಮೀಟರಿಗೆ 3 ಸೆಂ.ಮೀ. ಇಳಿಜಾರಾಗುವಂತೆ ಕೆರೆದು ಜಲ್ಲಿ ಹರಡಿಸಿ. ಈ ಇಳಿಜಾರು ತಪ್ಪಿದರೆ ಕೆಳಗೆ ನೀರು ನಿಂತು ಸೊಳ್ಳೆ ಸಾಕಿದಂತಾಗುತ್ತದೆ.

ಫ್ರೇಮಿಗೆ 100×50×3 ಮಿ.ಮೀ. ಪೈಪಿನ ಮೂರು ಉದ್ದ ಸಾಲು. ಅವುಗಳ ಮೇಲೆ 50×50×2 ಮಿ.ಮೀ.ನ 10 ಅಡ್ಡ ಪೈಪು, ನಡುವಿನಿಂದ ನಡುವಿಗೆ 40 ಸೆಂ.ಮೀ. ಅಂಗಡಿಯಲ್ಲಿ ಪೈಪು 6 ಮೀಟರ್ ಉದ್ದ ಬರುತ್ತದೆ. ಅಡ್ಡ ಪೈಪಿಗೆ ಐದು ಸಾಕು, ದೊಡ್ಡದು ಎರಡೇ ಸಾಕು: ಎರಡರಲ್ಲೂ 3.6 ಮೀಟರ್ ಕತ್ತರಿಸಿ ಉಳಿದ ತುಂಡುಗಳಿಂದ 1.8 ಮೀಟರಿನ ಎರಡನ್ನು ತೆಗೆದು, ನಡುವಿನ ಪೆಡೆಸ್ಟಲ್ ಮೇಲೆಯೇ ಸೇರುವಂತೆ ವೆಲ್ಡ್ ಮಾಡಿಸಿ. ವೆಲ್ಡಿಂಗ್ ಕಿಟ್ಟವನ್ನು ಗ್ರೈಂಡ್ ಮಾಡದೆ ಪ್ರೈಮರ್ ಬಳಿದರೆ ತುಕ್ಕು ಅಲ್ಲಿಂದಲೇ ಶುರು. ಪೈಪಿನ ತೆರೆದ ಬಾಯಿಗಳನ್ನು ತಗಡಿನಿಂದ ಮುಚ್ಚಿಸಿ. ಇದನ್ನು ಬಾಯಿಬಿಟ್ಟು ಹೇಳದೆ ಯಾವ ವೆಲ್ಡರೂ ಮಾಡುವುದಿಲ್ಲ. ಪೆಡೆಸ್ಟಲ್ ಸೇರಿ ನೆಲದಿಂದ ಹಲಗೆಯ ಮೇಲ್ಮೈಗೆ ಸುಮಾರು 13 ಇಂಚು. ಹಿಂಬಾಗಿಲ ಹೊಸ್ತಿಲು ಅಷ್ಟು ಎತ್ತರ ಇಲ್ಲದಿದ್ದರೆ ಪೆಡೆಸ್ಟಲ್ ತಗ್ಗಿಸಬೇಡಿ. ಅಡ್ಡ ಪೈಪುಗಳನ್ನು ದೊಡ್ಡ ಪೈಪುಗಳ ನಡುವೆ ಸಮಮಟ್ಟಕ್ಕೆ ಬೆಸೆದರೆ ಎತ್ತರ 2 ಇಂಚು ತಗ್ಗುತ್ತದೆ. ಗೋಡೆಗೆ ಫ್ರೇಮನ್ನು ತಾಗಿಸದೆ ಅರ್ಧ ಇಂಚು ಬಿಡಿ.

ಮರದ ಲೆಕ್ಕಕ್ಕೆ ಬರೋಣ. ಹೆರೆದ ಮೇಲೆ 145×25 ಮಿ.ಮೀ. ಉಳಿಯುವ 20 ಹಲಗೆಗಳು ಬೇಕು. ಕಾಗದದ ಮೇಲೆ ಇದು 9 ಸಿಎಫ್‌ಟಿ ಚಿಲ್ಲರೆ. ಆದರೆ ಟಿಂಬರ್ ಯಾರ್ಡಿನಲ್ಲಿ ಬಿಲ್ ಆಗುವುದು ಹೆರೆಯುವ ಮುಂಚಿನ 6 ಇಂಚು × ಒಂದೂಕಾಲು ಇಂಚಿಗೆ, ಅಂದರೆ 12.5 ಸಿಎಫ್‌ಟಿ. ಹಾಳಾಗುವುದೂ ಸೇರಿ 14 ಎಂದು ಬಜೆಟ್ ಹಾಕಿ. ತೇಗವಾದರೆ ಚೇಗಿನ (ನಡುವಿನ ಗಟ್ಟಿ ಮರದ) ಭಾಗವನ್ನಷ್ಟೇ ಆರಿಸಿ. ಅಂಚಿನ ಬಿಳಿ ಮರವನ್ನು ಪಾಲಿಶ್‌ನಲ್ಲಿ ಮುಚ್ಚಬಹುದು, ಗೆದ್ದಲಿಗೆ ಅದು ಮೊದಲ ತುತ್ತು. ಹೊನ್ನೆಯೂ ಬಾಳುವ ಮರವೇ, ಆದರೆ ಮೊದಲ ಮಳೆಗಳಲ್ಲಿ ಬಣ್ಣ ಬಿಟ್ಟು ಪಕ್ಕದ ಕಲ್ಲುಹಾಸಿಗೆ ಕಲೆ ಹತ್ತಿಸುತ್ತದೆ. ತೇವದ ಮೀಟರ್ ಹಿಡಿದಾಗ 12ರಿಂದ 14 ಪರ್ಸೆಂಟಿನೊಳಗಿರಲಿ.

ಹಲಗೆ ಕೂರಿಸುವ ಮೊದಲು ಅಡ್ಡ ಪೈಪಿನ ನೆತ್ತಿಗೆ ಬಿಟುಮೆನ್ ಟೇಪು ಅಂಟಿಸಿ. ತೇಗದಲ್ಲಿರುವ ಟ್ಯಾನಿನ್ ಎಂಬ ಒಗರು ಅಂಶ ಒದ್ದೆ ಕಬ್ಬಿಣಕ್ಕೆ ತಾಗಿದರೆ ಮರ ಕಪ್ಪಾಗುತ್ತದೆ. ಸ್ಕ್ರೂ ತೂತಿನಿಂದ ಇಳಿಯುವ ನೀರನ್ನೂ ಟೇಪು ತಡೆಯುತ್ತದೆ. ಪ್ರತಿ ಪೈಪಿನ ಮೇಲೆ ಹಲಗೆಗೆ ಎರಡರಂತೆ 400 ಸ್ಕ್ರೂ, 440 ತನ್ನಿ. ಎಸ್‌ಎಸ್ 304 ಸ್ಟೇನ್‌ಲೆಸ್ ಸ್ಟೀಲಿನದು ತುಕ್ಕು ತಾಳುತ್ತದೆ, ಆದರೆ ಕಬ್ಬಿಣವನ್ನು ತಾನೇ ಕೊರೆಯುವಷ್ಟು ಗಡುಸಲ್ಲ. ಹಾಗಾಗಿ ಪೈಪಿಗೂ ಮೊದಲೇ ಡ್ರಿಲ್ ಹಾಕಬೇಕು. ಹಲಗೆಯ ತೂತು ಸ್ಕ್ರೂಗಿಂತ ಕೂದಲೆಳೆ ದೊಡ್ಡದಿರಲಿ. ತಲೆಯನ್ನು ಮಟ್ಟಕ್ಕೆ ನಿಲ್ಲಿಸಿ, ಒಳಕ್ಕೆ ಹೂತರೆ ಪ್ರತಿಯೊಂದೂ ನೀರಿನ ಬಟ್ಟಲಾಗುತ್ತದೆ.

ಜಗಳ ಹುಟ್ಟುವುದು ಹಲಗೆಗಳ ನಡುವಿನ ಸಂದಿನ ವಿಷಯಕ್ಕೆ. “ಗ್ಯಾಪ್ ಬಿಟ್ರೆ ಫಿನಿಶಿಂಗ್ ಚೆನ್ನಾಗಿ ಕಾಣಲ್ಲ ಸಾರ್” ಎನ್ನುವ ಕಾರ್ಪೆಂಟರ್ ಕಪಾಟು ಮಾಡುವುದರಲ್ಲಿ ಪಳಗಿದವರು. ಮರ ಹಿಗ್ಗುವುದು ಅಗಲಕ್ಕೆ. ಫೆಬ್ರುವರಿ, ಮಾರ್ಚಿನ ಒಣಹವೆಯಲ್ಲಿ ಸಂದಿಲ್ಲದೆ ಕೂಡಿಸಿದ ಹಲಗೆ ಅಕ್ಟೋಬರಿಗೆ ಒಂದನ್ನೊಂದು ನೂಕಿ ಎದ್ದು ಕೂರುತ್ತದೆ. ಟೈಲ್ಸ್ ಅಂಗಡಿಯ 5 ಮಿ.ಮೀ. ಸ್ಪೇಸರ್ ಇಟ್ಟು ಕೂರಿಸಿ. ಮಳೆಗಾಲದಲ್ಲಿ ಆಗಲೇ ಹಿಗ್ಗಿರುವ ಮರಕ್ಕೆ 3 ಸಾಕು. ಡಬ್ಲ್ಯುಪಿಸಿ (ಮರದ ಪುಡಿ, ಪ್ಲಾಸ್ಟಿಕ್ ಬೆರೆಸಿ ಮಾಡಿದ ಹಲಗೆ) ಇದಕ್ಕೆ ತದ್ವಿರುದ್ಧ, ಬಿಸಿಲಿಗೆ ಉದ್ದಕ್ಕೆ ಬೆಳೆಯುತ್ತದೆ: ತುದಿಗಳಲ್ಲಿ 6 ಮಿ.ಮೀ. ಬಿಡಿ, ಅಡ್ಡ ಪೈಪು 30 ಸೆಂ.ಮೀ.ಗೊಂದು ಬರಲಿ. ಏಪ್ರಿಲ್ ಮಧ್ಯಾಹ್ನ ಅದರ ಮೇಲೆ ಬರಿಗಾಲಲ್ಲಿ ನಿಲ್ಲಲಾಗದು ಎಂಬುದನ್ನು ಮಾರುವವರು ಹೇಳುವುದಿಲ್ಲ.

ಹೊಳೆಯುವ ಪಿಯು (ಪಾಲಿಯುರೆಥೇನ್) ಪಾಲಿಶ್ ಒಳಾಂಗಣಕ್ಕೆ ಚೆನ್ನ, ಬಿಸಿಲಿನಲ್ಲಿ ಸಿಪ್ಪೆಯೇಳುತ್ತದೆ. ಮರದೊಳಗೆ ಇಳಿಯುವ ಡೆಕ್ ಆಯಿಲ್ ಇರಲಿ: ಕೂರಿಸುವ ಮೊದಲೇ ಅಡಿಭಾಗಕ್ಕೂ ಕತ್ತರಿಸಿದ ತುದಿಗಳಿಗೂ ಬಳಿಯಬೇಕು, ಆಮೇಲೆ ವರ್ಷಕ್ಕೊಮ್ಮೆ ಜನವರಿಯಲ್ಲಿ ಮೇಲ್ಮೈಗೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಹುದು. ಹರಡಿ ಒಣಗಿಸಿ.

ಸುತ್ತ ತೆರೆದ ಬದಿಗೆ ಹೆಗ್ಗಣ ನುಗ್ಗದಂತೆ ಅರ್ಧ ಇಂಚಿನ ಜಿಐ (ಸತು ಲೇಪಿತ ಕಬ್ಬಿಣದ) ಜಾಲರಿ ಕಟ್ಟಿ, ಹಲಗೆ ಹೊಡೆದು ಮುಚ್ಚಬೇಡಿ. ಗಾಳಿಯಾಡಬೇಕು, ಒಳಗೆ ಟಾರ್ಚ್ ಬಿಟ್ಟು ನೋಡಲೂ ಬರಬೇಕು. ಗೆದ್ದಲು ಮರ ಮುಟ್ಟಬೇಕಾದರೆ ಆ ಅರ್ಧ ಅಡಿ ಪೆಡೆಸ್ಟಲ್ ಮೇಲೆ ಮಣ್ಣಿನ ಗೆರೆ ಕಟ್ಟಿಕೊಂಡೇ ಹತ್ತಬೇಕು. ತಿಂಗಳಿಗೊಮ್ಮೆ ಒಂಬತ್ತನ್ನೂ ನೋಡಿ. ಗೆರೆ ಕಂಡರೆ ಕೆರೆದು, ಲೈಸೆನ್ಸ್ ಇರುವವರಿಂದ ಬುಡಕ್ಕೆ ಔಷಧಿ ಹಾಕಿಸಿ. ಸಂಪು ಎಲ್ಲಿದೆ, ಬೋರ್‌ವೆಲ್ ಎಲ್ಲಿದೆ ಎಂದು ಔಷಧಿಯ ಕ್ಯಾನ್ ತೆರೆಯುವ ಮೊದಲೇ ಅವರಿಗೆ ತೋರಿಸಿ.